ಕಿಬ್ಬೊಟ್ಟೆ ನೋವು: ಮುಚ್ಚಿಡುವ ಕಾಯಿಲೆ ಅಲ್ಲ
(ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಹಾಲಿನ ಇಳುವರಿ, ಫ್ಯಾಟು, ಬೋನಸ್ಸಿನ ಬಗ್ಗೆ ಮಾತಾಡೋರು ಇವತ್ತು ಬೇಕಾದಷ್ಟು ಜನ ಇದ್ದಾರೆ. ನಮಗೆ ಆರೋಗ್ಯದ ವಿಚಾರ ಹೇಳಿ ಅಂತ ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟರು. ನಾವು ಓದಿರುವುದು ಎಸ್.ಎಸ್.ಎಲ್.ಸಿ., ಡಾಕ್ಟರಲ್ಲ. ಆದರೂ ಓದಿ, ಬಲ್ಲವರನ್ನು ಕೇಳಿ, ಹೆಂಗಸರ ಕಿಬ್ಬೊಟ್ಟೆ ನೋವಿನ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕ ಹಾಗಾಯಿತು. ನಗಲಿ. ಗರ್ಭಕೋಶ ತೆಗೆಸಬೇಕು, ಬಟವಾಡೆಯಲ್ಲಿ ಹಿಡಿದುಕೊಳ್ಳಿ, ಮುಂಗಡ ಕೊಡಿ ಅಂತ ಸಂಘಕ್ಕೆ ಬರೋರು ಗಂಡಸರೇ. ಅವರೂ ಕೇಳಬೇಕಾದ ಮಾತು ಇದು.

ಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ಆಗಲೇ ಡಾಕ್ಟರಿಗೆ ಫೋನು ಮಾಡ್ತೀವಿ. ಮನೆ ಹೆಣ್ಣುಮಗಳು ತಿಂಗಳು ತಿಂಗಳು ಹೊಟ್ಟೆ ಹಿಡಿದುಕೊಂಡು ಮಲಗಿದರೆ "ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ" ಅಂತೀವಿ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಜನರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಈ ಕಾಯಿಲೆಗಳಿಗೆ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಜನ ಮಾತ್ರ. ಅವು ನಮ್ಮ ಊರಿನಂಥದೇ ಊರುಗಳು.

ಈ ನೋವಿಗೆ ಕಾರಣ ಒಂದೇ ಅಲ್ಲ. ಗರ್ಭಕೋಶ, ನಾಳಗಳಲ್ಲಿ ಸೋಂಕಾಗಿರಬಹುದು. ಗಡ್ಡೆ ಇರಬಹುದು. ಟಿ.ಬಿ. ಎದೆಗೆ ಮಾತ್ರ ಬರುತ್ತೆ ಅಂದುಕೊಂಡಿದ್ದೇವೆ, ಗರ್ಭನಾಳಕ್ಕೂ ಬರುತ್ತೆ. ಮೂತ್ರಕೋಶ, ಕರುಳು, ಸೊಂಟದ ಕೆಳಗಿನ ಮಾಂಸಖಂಡ ಇವೂ ನೋಯುತ್ತವೆ, ನೋವು ಮಾತ್ರ ಅದೇ ಜಾಗದಲ್ಲಿ ಕಾಣುತ್ತೆ. ಇನ್ನೊಂದು ಎಂಡೊಮೆಟ್ರಿಯೋಸಿಸ್ ಅಂತ. ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗಡೆ, ಅಂಡಾಶಯದ ಮೇಲೋ ಕರುಳಿನ ಪಕ್ಕದಲ್ಲೋ ಬೆಳೆದುಕೊಂಡಿರುತ್ತೆ. ಮುಟ್ಟಿನ ಹೊತ್ತಿಗೆ ಹೊಟ್ಟೆ ಹಿಂಡಿದ ಹಾಗೆ ನೋವು, ಕೆಲವರಿಗೆ ಮಕ್ಕಳಾಗೋದೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಇದು ಇದೆ. ಕಾಯಿಲೆ ಇಂಥದ್ದು ಅಂತ ಗೊತ್ತಾಗೋದಕ್ಕೇ ವರ್ಷಗಳು ಹಿಡಿಯುತ್ತವೆ.

ಇದು ಯಾಕೆ ಬರುತ್ತೆ ಅನ್ನೋದನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಲೇ ಇದ್ದಾರೆ. ಈ ಕಾಯಿಲೆ ಇರುವ 60 ಸಾವಿರಕ್ಕೂ ಹೆಚ್ಚು ಹೆಂಗಸರ ವಂಶವಾಹಿ ಪರೀಕ್ಷಿಸಿದ ದೊಡ್ಡ ಸಂಶೋಧನೆಯೊಂದು 2023ರಲ್ಲಿ ಪ್ರಕಟವಾಯಿತು. ಇದಕ್ಕೂ ಅರೆತಲೆನೋವು, ಬೆನ್ನುನೋವಿಗೂ ಒಳಗೊಳಗೇ ನಂಟಿದೆ ಅಂತ ಅದರಲ್ಲಿ ಕಂಡುಬಂತು. ಹಾಗಾದರೆ ಅದು ಸೋಮಾರಿತನವೂ ಅಲ್ಲ, ನೆಪವೂ ಅಲ್ಲ. ಸೊಸೆಯರನ್ನು ಆಡಿಕೊಳ್ಳುವ ಅತ್ತೆಯಂದಿರು ದಯವಿಟ್ಟು ಗಮನಿಸಬೇಕು.

ಎಷ್ಟೋ ಜನರಿಗೆ ಯಾವ ಪರೀಕ್ಷೆಯಲ್ಲೂ ಏನೂ ಸಿಗೋದಿಲ್ಲ, ನೋವು ಮಾತ್ರ ನಿಜ. ಬಹುಕಾಲ ನೋವು ತಿಂದರೆ ನರಗಳೇ ಸೂಕ್ಷ್ಮವಾಗಿ ಸಣ್ಣದೂ ದೊಡ್ಡದಾಗಿ ಕಾಣುತ್ತೆ ಅಂತಾರೆ. ಇಂಥವರಿಗೆ ಗಾಬಾಪೆಂಟಿನ್ ಅನ್ನೋ ನರದ ಮಾತ್ರೆ ಬರೆದುಕೊಡುವುದು ರೂಢಿ. ಅದನ್ನು ಇಂಗ್ಲೆಂಡು, ಸ್ಕಾಟ್ಲೆಂಡ್ ಕಡೆ 306 ಹೆಂಗಸರಲ್ಲಿ ಪರೀಕ್ಷಿಸಿ ನೋಡಿದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ. ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ, ತಲೆಸುತ್ತು, ಮಂಪರು ಮಾತ್ರ ಜಾಸ್ತಿಯಾಯಿತು ಅಂತ 2020ರಲ್ಲಿ ವರದಿ ಬಂತು. ರೂಢಿಯಲ್ಲಿರೋದೆಲ್ಲ ಸರಿ ಅಂತ ಹೇಳೋ ಹಾಗಿಲ್ಲ.

ಗರ್ಭಕೋಶ ತೆಗೆಸೋದೂ ಹಾಗೇ ರೂಢಿಯಾಗಿಬಿಟ್ಟಿದೆ. ನಮಗೆ ಸಂಕಟವಾಗೋದು ಇಲ್ಲಿಯೇ. ಎರಡು ಮಕ್ಕಳಾದವು, ಬಿಳಿ ಸೆರಗು ಹೋಗ್ತಿದೆ, ಹೊಟ್ಟೆನೋವು ಅಂತ ಹೋದರೆ, "ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತೆ, ತೆಗೆಸಿಬಿಡಿ" ಅಂತ ಹೆದರಿಸುವವರಿದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಸಣ್ಣ ವಯಸ್ಸಿನವರಿಗೂ ಹೀಗೆ ಮಾಡಿದ್ದು 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿ ತನಿಖೆಯಾಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಅಂತ 2019ರಲ್ಲಿ ಅಲ್ಲಿನ ಸರ್ಕಾರದ ಸಮಿತಿಯೇ ಹೇಳಿತು. ಮುಟ್ಟಾದರೆ ಕೂಲಿ ತಪ್ಪುತ್ತೆ ಅನ್ನೋದೂ ಒಂದು ಕಾರಣ! 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಈ ಬಗ್ಗೆ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಆದೇಶ ಮಾಡಿತು. 40 ವರ್ಷದೊಳಗಿನವರಿಗೆ ಆದರೆ ಇಬ್ಬರು ಡಾಕ್ಟರು ಬೇಕೇಬೇಕು ಅಂತ ಬರೆದುಕೊಡಬೇಕು.

ಆಪರೇಷನ್ನೇ ಬೇಡ ಅಂತ ನಾವು ಹೇಳ್ತಿಲ್ಲ. ಕ್ಯಾನ್ಸರ್ ಇದ್ದರೆ, ಔಷಧಿಗೆ ಬಗ್ಗದ ರಕ್ತಸ್ರಾವ ಇದ್ದರೆ, ಗರ್ಭಕೋಶ ಜಾರಿ ತೊಂದರೆ ಕೊಡ್ತಿದ್ದರೆ ಮಾಡಿಸಬೇಕಾಗಬಹುದು. ಆದರೆ ಸೋಂಕಾದರೆ ಮಾತ್ರೆ ಇದೆ, ಕೆಲವು ಸೋಂಕಿಗೆ ಗಂಡನೂ ಜೊತೆಯಲ್ಲೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರುತ್ತೆ. ಟಿ.ಬಿ.ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆ. ಎಂಡೊಮೆಟ್ರಿಯೋಸಿಸ್‌ಗೆ ಹಾರ್ಮೋನ್ ಮಾತ್ರೆ ಇದೆ, ಬೇಕಾದರೆ ದುರ್ಬೀನಿನಿಂದ ಆ ಪದರ ಮಾತ್ರ ತೆಗೀತಾರೆ. ಮಾಂಸಖಂಡದ ನೋವಿಗೆ ವ್ಯಾಯಾಮ ಹೇಳಿಕೊಡ್ತಾರೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ಸಣ್ಣ ವಯಸ್ಸಿಗೇ ತೆಗೆದರೆ ಮೂಳೆ ಸವೆಯುತ್ತೆ, ಹೃದಯಕ್ಕೂ ತೊಂದರೆ. ಇಷ್ಟೆಲ್ಲ ಮಾಡಿಸಿಯೂ ನೋವು ಹೋಗದೆ ಉಳಿದವರು ಇದ್ದಾರೆ.

ಮುಟ್ಟು ತಪ್ಪಿರುವಾಗ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯಲ್ಲಿ ಜೋರು ನೋವು ಬಂದು ತಲೆ ಸುತ್ತಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು, ನಾಳಕ್ಕೆ ಗರ್ಭ ಕಟ್ಟಿರಬಹುದು, ಜೀವಕ್ಕೆ ಅಪಾಯ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೂ ತಡಮಾಡಬೇಡಿ.

2018ರಲ್ಲಿ ನಿಂತಿದ್ದ ಯಶಸ್ವಿನಿ 2022ರಲ್ಲಿ ಮತ್ತೆ ಸಹಕಾರಿಗಳಿಗೆ ಬಂತು. ಕಾರ್ಡು ಇದೆ, ದುಡ್ಡು ಹೋಗಲ್ಲ ಅನ್ನೋದೊಂದೇ ಆಪರೇಷನ್ನಿಗೆ ಕಾರಣ ಆಗಬಾರದು. ಸ್ಕ್ಯಾನಿಂಗ್ ರಿಪೋರ್ಟು ಕೈಗೆ ಇಸಕೊಳ್ಳಿ, ತೆಗೆಯದೆ ಇದ್ದರೆ ಬೇರೆ ಏನು ದಾರಿ ಅಂತ ಬಾಯಿಬಿಟ್ಟು ಕೇಳಿ, ತಾಲ್ಲೂಕು ಆಸ್ಪತ್ರೆಯಲ್ಲೋ ಮೆಡಿಕಲ್ ಕಾಲೇಜಿನಲ್ಲೋ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಮುಂಗಡ ಕೇಳಲು ಬರುವ ಸದಸ್ಯರನ್ನು ನಾವೂ ಇನ್ನು ಮುಂದೆ ಎರಡನೇ ಡಾಕ್ಟರು ಏನಂದರು ಅಂತ ಕೇಳ್ತೇವೆ. ಬೇಜಾರು ಮಾಡಿಕೊಳ್ಳಬಾರದು.