ಪರದೇಶದಲ್ಲಿ ಕಂಡ ರಂಜಾನ್

(ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹತ್ತನೆಯ ತರಗತಿಯ ಕೆಲವರು ನಮ್ಮನ್ನು ಹೀಗೆ ಕೇಳಿದರು: "ಸಾರ್, ರಂಜಾನ್ ತಿಂಗಳಲ್ಲಿ ಅರಬ್ ದೇಶದಲ್ಲಿರುವ ಹಿಂದುಗಳಿಗೆ ಹಗಲು ಊಟ ಸಿಗುತ್ತದೆಯೆ?" ಕೇಳಿದವರಲ್ಲಿ ಒಬ್ಬನ ಅಣ್ಣ ಕೊಲ್ಲಿ ರಾಷ್ಟ್ರಕ್ಕೆ ಕೆಲಸಕ್ಕೆ ಹೊರಟಿದ್ದನು. ಆದುದರಿಂದ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. 2017ರಿಂದ 2019ರವರೆಗೆ ದುಬೈ ನಗರದ ಭಾರತೀಯ ಶಾಲೆಯೊಂದರಲ್ಲಿ ನಾವು ಉಪಾಧ್ಯಾಯರಾಗಿದ್ದೆವು. ಎರಡು ರಂಜಾನ್ ಮಾಸಗಳನ್ನು ಅಲ್ಲಿಯೇ ಕಳೆದೆವು. ಕಂಡುದನ್ನು ಕಂಡಂತೆ ನಿಮ್ಮ ಮುಂದೆ ಅರಿಕೆ ಮಾಡುವೆವು.

ಮೊದಲು ಪಂಚಾಂಗದ ಮಾತು. ರಂಜಾನ್ ಎಂಬುದು ಹಿಜರಿ ವರ್ಷದ ಒಂಬತ್ತನೆಯ ತಿಂಗಳು. ಚಂದ್ರದರ್ಶನದಿಂದ ಆರಂಭವಾಗಿ 29 ಅಥವಾ 30 ದಿನಗಳಲ್ಲಿ ಮುಗಿಯುವುದು. ನಮ್ಮ ಚಾಂದ್ರಮಾನದಲ್ಲಿ ಅಧಿಕಮಾಸವನ್ನು ಸೇರಿಸಿಕೊಳ್ಳುವುದರಿಂದ ಯುಗಾದಿಯು ವಸಂತವನ್ನು ಬಿಟ್ಟು ಹೋಗದು. ಹಿಜರಿ ಗಣನೆಯಲ್ಲಿ ಅಧಿಕಮಾಸವಿಲ್ಲ. ವರ್ಷಕ್ಕೆ 354 ಅಥವಾ 355 ದಿನಗಳೇ. ಹೀಗಾಗಿ ರಂಜಾನ್ ಪ್ರತಿವರ್ಷವೂ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿದು, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುವುದು. ನಾವಿದ್ದಾಗ ಅದು ಕಡುಬೇಸಗೆಯಲ್ಲಿ ಬಂದಿತು. 2019ರಲ್ಲಿ ಮೇ 6ರಂದು ಆರಂಭವಾಯಿತು. ಮುಂಜಾವದ ನಾಲ್ಕರಿಂದ ಸಂಜೆ ಏಳರ ಸಮೀಪದವರೆಗೆ ಅನ್ನವಿಲ್ಲ, ಒಂದು ಗುಟುಕು ನೀರೂ ಇಲ್ಲ. ರೋಗಿಗಳು, ಪ್ರಯಾಣಿಕರು, ಗರ್ಭಿಣಿಯರು, ಎಳೆಯ ಮಕ್ಕಳು, ಅಶಕ್ತ ವೃದ್ಧರು ಇವರಿಗೆ ವಿನಾಯಿತಿ ಉಂಟು.

ಇನ್ನು ಅನ್ಯಧರ್ಮೀಯರ ಪಾಡು. ಮನೆಯೊಳಗೆ ಒಲೆ ಎಂದಿನಂತೆ ಉರಿಯುವುದು. ಮುದ್ದೆ ಮಾಡಿದರೂ ಬೇಡವೆನ್ನುವವರಿಲ್ಲ. ಆದರೆ ನಾವಿದ್ದ ವರ್ಷಗಳಲ್ಲಿ ಹಗಲುಹೊತ್ತು ಬೀದಿಯಲ್ಲಿ, ಬಸ್ಸಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದೂ ಕುಡಿಯುವುದೂ ಧೂಮಪಾನ ಮಾಡುವುದೂ ದಂಡಕ್ಕೆ ಗುರಿಯಾಗಿದ್ದುವು. ಅನುಮತಿ ಪಡೆದ ಕೆಲವು ಹೋಟೆಲುಗಳು ಬಾಗಿಲಿಗೆ ದಪ್ಪ ಪರದೆಯನ್ನು ಇಳಿಬಿಟ್ಟು ಒಳಗೆ ಊಟ ಬಡಿಸುತ್ತಿದ್ದುವು. ಶಾಲೆಯ ಪಾಠಗಳನ್ನು ಐದು ಗಂಟೆಗಳಿಗೆ ಮೀರದಂತೆ ಇಳಿಸಿದ್ದರು. ಉಪಾಧ್ಯಾಯರ ಕೊಠಡಿಗಳಲ್ಲಿ ಒಂದನ್ನು ಉಣ್ಣುವವರಿಗೆಂದೇ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಬುತ್ತಿಯನ್ನು ಕೊಂಡೊಯ್ಯುತ್ತಿದ್ದ ನಮ್ಮನ್ನು ಉಪವಾಸವಿದ್ದ ಸಹೋದ್ಯೋಗಿಗಳು ಒಂದು ದಿನವೂ ವಕ್ರದೃಷ್ಟಿಯಿಂದ ನೋಡಲಿಲ್ಲ.

ಮಧ್ಯಾಹ್ನದ ಮೇಲೆ ನಗರವು ತೂಕಡಿಸುವುದು. ಸೂರ್ಯಾಸ್ತದ ಹೊತ್ತಿಗೆ ತೋಪು ಹಾರುವುದು. ಖರ್ಜೂರ, ನೀರು, ಬಳಿಕ ನಮಾಜು, ಆಮೇಲೆ ಊಟ. ನಮ್ಮ ನೆರೆಮನೆಯವರು ಭಟ್ಕಳದ ಕಡೆಯವರು. ಸಸ್ಯಾಹಾರಿಗಳಾದ ನಮಗೆಂದು ಬೇರೆ ಪಾತ್ರೆಯಲ್ಲಿ ಮಾಡಿದ ತಿಂಡಿಯನ್ನು ಅವರ ಮನೆಯ ಹುಡುಗನು ತಂದು ಕೊಡುವನು. ತಟ್ಟೆಯನ್ನು ಬರಿದೆ ಹಿಂದಿರುಗಿಸಬಾರದೆಂದು ನಾವು ಕೋಸಂಬರಿಯನ್ನೋ ಹಣ್ಣನ್ನೋ ಇಟ್ಟು ಕಳುಹುವೆವು.

ನಮ್ಮ ಮನಸ್ಸಿನಲ್ಲಿ ಬಲವಾಗಿ ನಿಂತುದು ಮಸೀದಿಯ ಬಳಿಯ ಡೇರೆಗಳು. ಅಲ್ಲಿ ಸಂಜೆ ಸಾಲುಸಾಲಾಗಿ ಕೂಲಿಕಾರರು ಕುಳಿತಿರುವರು. ನಿನ್ನ ಮತವೇನೆಂದು ಕೇಳುವವರಿಲ್ಲ. ತಿಂಗಳ ಸಂಬಳದಲ್ಲಿ ಊಟದ ಖರ್ಚನ್ನು ಕಳೆದು ಊರಿನ ಸಾಲಕ್ಕೆ ಹಣ ಕಳುಹಬೇಕಾದ ಬಡ ಹಿಂದೂ ಕೆಲಸಗಾರನೂ ಆ ಸಾಲಿನಲ್ಲಿ ಕುಳಿತು ಉಣ್ಣುವನು. ನಮ್ಮ ಕಡೆ ಮಠಗಳ ದಾಸೋಹವನ್ನು ಕಂಡವರಿಗೆ ಇದು ಹೊಸತಲ್ಲ.

ಎಲ್ಲ ದೇಶಗಳಲ್ಲಿಯೂ ಒಂದೇ ನಿಯಮವೆಂದು ತಿಳಿಯಬಾರದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ರಂಜಾನಿನಲ್ಲಿ ದಿನದ ಕೆಲಸ ಎರಡು ಗಂಟೆ ಕಡಿಮೆ. ಈ ಸೌಲಭ್ಯ ಯಾವ ಮತದ ನೌಕರನಿಗಾದರೂ ಸಲ್ಲುವುದು. ಸೌದಿ ಅರೇಬಿಯದ ಕಾರ್ಮಿಕ ಕಾನೂನು ಆರು ಗಂಟೆಯ ಮಿತಿಯನ್ನು ಮುಸ್ಲಿಮರಿಗೆ ಮಾತ್ರ ವಿಧಿಸಿದೆ. ಕುವೈತಿನಲ್ಲಿ ಬಹಿರಂಗವಾಗಿ ಉಣ್ಣುವವರನ್ನು ಶಿಕ್ಷಿಸುವ ಕಾನೂನು 1968ರಲ್ಲಿಯೇ ಆಯಿತು. ದುಬೈಯಲ್ಲಾದರೋ 2021ರಿಂದ ಹೋಟೆಲುಗಳು ಪರದೆ ಕಟ್ಟಬೇಕೆಂಬ ಕಟ್ಟಳೆ ಹೋಯಿತು. ಹೊರಡುವ ತರುಣರು ತಾವು ಹೋಗುವ ದೇಶದ ನಿಯಮವನ್ನು ಮುಂಚೆಯೇ ಕೇಳಿ ತಿಳಿಯುವುದು ಲೇಸು.

ನಾವೂ ಒಂದು ದಿನ ಅವರಂತೆ ಉಪವಾಸವಿದ್ದು ನೋಡಿದೆವು. ಏಕಾದಶಿಯ ರೂಢಿಯಿದ್ದುದರಿಂದ ಹಸಿವು ಬಾಧಿಸಲಿಲ್ಲ. ಬಾಯಾರಿಕೆ ಮಾತ್ರ ಮೂರು ಗಂಟೆಯ ಹೊತ್ತಿಗೆ ನಾಲಗೆಯನ್ನು ಒಣಗಿಸಿತು. ಅಂತಹ ಬಿಸಿಲಿನಲ್ಲಿ ಕಟ್ಟಡ ಕಟ್ಟುತ್ತ ಉಪವಾಸವಿರುವವನ ಕಷ್ಟವನ್ನು ನೆನೆದರೆ ನಮ್ಮದು ಏನೂ ಅಲ್ಲ. ಒಂದು ಮಾತು ಮಾತ್ರ ನಮಗೆ ಸ್ಪಷ್ಟವಾಯಿತು. ಕಾನೂನು ಪರದೆಯನ್ನು ಕಟ್ಟಿಸಬಲ್ಲುದು. ನೆರೆಯವನ ಬಾಯಾರಿಕೆಯನ್ನು ನೆನೆಯುವಂತೆ ಮಾಡಲಾರದು. ದಂಡದ ಭಯದಿಂದ ನೀರು ಕುಡಿಯದವನೂ ಒಬ್ಬನೇ, ದಾಕ್ಷಿಣ್ಯದಿಂದ ಮರೆಯಲ್ಲಿ ಕುಡಿಯುವವನೂ ಒಬ್ಬನೇ ಎಂದು ಹೇಳಲಾಗದು.

ನಮ್ಮ ದೇಶದಲ್ಲಿ ಅಂತಹ ಕಾನೂನಿಲ್ಲ, ಬೇಕಾಗಿಯೂ ಇಲ್ಲ. ತಮಿಳುನಾಡಿನ ಸರ್ಕಾರವು ರಂಜಾನಿನಲ್ಲಿ ಮಸೀದಿಗಳ ಗಂಜಿಗಾಗಿ ಅಕ್ಕಿ ಕೊಡುವ ಪದ್ಧತಿಯನ್ನು ನೀವು ಬಲ್ಲಿರಿ. ಉಳಿದುದು ನೆರೆಹೊರೆಯವರ ಹೊಣೆ. ನಮ್ಮ ಶಾಲೆಯಲ್ಲಿಯೂ ರೋಜಾ ಇರುವ ಮಕ್ಕಳುಂಟು. ಅವರನ್ನು ಬಿಸಿಲಿನಲ್ಲಿ ಓಡಿಸುವ ಪಂದ್ಯಗಳನ್ನು ಆ ತಿಂಗಳು ಬೆಳಗಿನ ಹೊತ್ತಿಗೆ ಇಡುವೆವು. ಮಧ್ಯಾಹ್ನ ಅವರಿಗೆ ಗ್ರಂಥಾಲಯದ ಬಾಗಿಲು ತೆರೆದಿರುವುದು. ಉಣ್ಣುವ ಮಕ್ಕಳು ನಾಚದೆ ಉಣ್ಣಲಿ. ಉಣ್ಣದವರನ್ನು ಯಾರೂ ಅಣಕಿಸದಿರಲಿ. ಎಳೆಯ ಮಕ್ಕಳು ಹಿರಿಯರನ್ನು ನೋಡಿ ಹಟ ಹಿಡಿದರೆ, ಅವರಿಗೆ ಇದು ಕಡ್ಡಾಯವಲ್ಲವೆಂದು ತಾಯ್ತಂದೆಗಳು ತಿಳಿಹೇಳಲಿ.

ಪೋಷಕರೇ, ಜೂಜುವಾಡಿಯ ಕನ್ನಡಿಗರಾದ ನಾವು ಈ ರಾಜ್ಯದಲ್ಲಿ ಅಲ್ಪಸಂಖ್ಯಾತರು. ಬಹುಜನರ ನಡುವೆ ಕೆಲವರಾಗಿ ಬಾಳುವುದೆಂದರೇನು, ಅವರು ತೋರುವ ಸಣ್ಣ ಸೌಜನ್ಯದ ಬೆಲೆಯೇನು ಎಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ನಾವು ಬಯಸುವ ಆದರವನ್ನು ನಮಗಿಂತಲೂ ಕಡಿಮೆ ಸಂಖ್ಯೆಯವರಿಗೆ ನಾವೇ ಮೊದಲು ಸಲ್ಲಿಸೋಣ.