'ಆಪ್ಟ್' ಎಂಬ ಶಬ್ದವೂ 'ಆಪ್ತ'ನೆಂಬ ಪದವೂ

 

ಈ ಮಹೋತ್ಸವದಲ್ಲಿ ಸಂದರ್ಭೋಚಿತವಾದ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಯಿತು. ಉಚಿತವಾದುದನ್ನು ಆಡುವ ಮುನ್ನ ಔಚಿತ್ಯವೆಂದರೇನೆಂಬುದನ್ನೇ ವಿಚಾರಿಸುವುದು ಲೇಸೆಂದು ತೋರಿ, ಆ ಅರ್ಥವುಳ್ಳ ಇಂಗ್ಲಿಷು ಶಬ್ದವೊಂದನ್ನು ತಮ್ಮ ಮುಂದಿಡುತ್ತೇನೆ. ಅದೇ 'ಆಪ್ಟ್' ಎಂಬುದು. ಮಠದ ಸಭೆಯಲ್ಲಿ ಪರಭಾಷೆಯ ಶಬ್ದಕ್ಕೇನು ಕೆಲಸವೆಂದು ತಾವು ಕೇಳಬಹುದು. ಅದರ ಕುಲವನ್ನು ವಿಚಾರಿಸಿದ ಮೇಲೆ ಅದು ನಮಗೆ ಅಷ್ಟೊಂದು ಪರಕೀಯವಲ್ಲವೆಂದು ತಿಳಿದುಬರುವುದು.

ಈ ಶಬ್ದಕ್ಕೆ ಇಂಗ್ಲಿಷಿನಲ್ಲಿ ಮುಖ್ಯವಾಗಿ ಮೂರು ಅರ್ಥಗಳುಂಟು. ಸಮಯಕ್ಕೆ ತಕ್ಕ ಉತ್ತರವನ್ನು 'ಆಪ್ಟ್' ಎನ್ನುವರು; ಹೇಳಿದ್ದನ್ನು ಬೇಗನೆ ಗ್ರಹಿಸುವ ಶಿಷ್ಯನನ್ನೂ 'ಆಪ್ಟ್' ಎನ್ನುವರು; ಮರೆಯುವ ಸ್ವಭಾವದವನನ್ನು ಮರೆಯುವುದಕ್ಕೆ 'ಆಪ್ಟ್' ಎಂದೂ ಹೇಳುವರು. ಯೋಗ್ಯತೆಯನ್ನು ಹೇಳುವ ಶಬ್ದವೇ ತಪ್ಪಿನ ಕಡೆಗಿರುವ ಒಲವನ್ನೂ ಹೇಳುವುದು ವಿಚಾರಾರ್ಹವಾಗಿದೆ.

ಇದು ಲ್ಯಾಟಿನಿನ 'ಅಪ್ತುಸ್' ಎಂಬುದರಿಂದ ಬಂದುದು. ಕಟ್ಟಲ್ಪಟ್ಟುದು, ಜೋಡಿಸಲ್ಪಟ್ಟುದು, ಆದುದರಿಂದ ಹೊಂದಿಕೊಂಡುದು ಎಂದು ಅದರ ಅರ್ಥ. ಅದೇ ಕುಲದ 'ಅಪಿಸ್ಕಿ' ಎಂಬ ಕ್ರಿಯಾಪದಕ್ಕೆ ಮುಟ್ಟು, ಪಡೆ ಎಂಬ ಅರ್ಥವಿದೆ. ಈ ಮನೆತನದ ಶಬ್ದಗಳು ಇಂಗ್ಲಿಷಿನಲ್ಲಿ ಹಲವಾಗಿವೆ. ಹೊಂದಿಸಿಕೊಳ್ಳುವುದು 'ಅಡಾಪ್ಟ್', ಸಹಜವಾದ ಯೋಗ್ಯತೆ 'ಆಪ್ಟಿಟ್ಯೂಡ್', ಹೊಂದಿಕೆಯಿಲ್ಲದುದು 'ಇನೆಪ್ಟ್'. ಮನೋಭಾವವೆಂಬ ಅರ್ಥದಲ್ಲಿ ಇಂದು ಬಳಕೆಯಲ್ಲಿರುವ 'ಆಟಿಟ್ಯೂಡ್' ಎಂಬುದು ಇಟಲಿಯ ಭಾಷೆಯ ಮೂಲಕ ಬಂದುದಾಗಿ, ೧೭ನೆಯ ಶತಮಾನದಲ್ಲಿ ಶಿಲ್ಪಚಿತ್ರಗಳಲ್ಲಿನ ಆಕೃತಿಯ ನಿಲುವಿಗೆ ಸಲ್ಲುತ್ತಿದ್ದಿತು. ನಿಪುಣನೆಂಬರ್ಥದ 'ಅಡೆಪ್ಟ್' ಎಂಬುದು ಮೊದಲು ಹೀನಲೋಹವನ್ನು ಚಿನ್ನವಾಗಿಸುವ ರಹಸ್ಯವನ್ನು 'ಪಡೆದವ'ನೆನ್ನಿಸಿಕೊಂಡ ರಸವಾದಿಗೆ ಇದ್ದ ಹೆಸರು.

ಇನ್ನು ಸಂಸ್ಕೃತದ ಕಡೆಗೆ ಬರೋಣ. ಪಡೆ, ಮುಟ್ಟು ಎಂಬರ್ಥದ 'ಆಪ್' ಧಾತುವಿನಿಂದ 'ಆಪ್ತ' ಶಬ್ದವು ನಿಷ್ಪನ್ನವಾಯಿತು. ಪ್ರಾಪ್ತ, ವ್ಯಾಪ್ತ, ಸಮಾಪ್ತಗಳು ಅದರ ಒಡಹುಟ್ಟುಗಳು. ನಾನು ವಿದ್ಯಾರ್ಥಿಯಾಗಿದ್ದಾಗ ಈ ಸಾಮ್ಯವನ್ನು ಕಂಡು ಹಿಗ್ಗಿ, ಇಂಗ್ಲಿಷಿನವರು ನಮ್ಮ ಶಬ್ದವನ್ನೇ ಕದ್ದುಕೊಂಡಿರುವರೆಂದು ಸಭೆಯೊಂದರಲ್ಲಿ ಘೋಷಿಸಿ, ಕರತಾಡನವನ್ನೂ ಗಳಿಸಿದೆನು. ನಮ್ಮ ಗುರುಗಳು ಮಾತ್ರ ಸುಮ್ಮನಿದ್ದರು. ಮನೆಗೆ ಕರೆದು, "ತಮ್ಮಾ, ತಂಗಿಯನ್ನು ಮಗಳೆಂದು ಕರೆದರೆ ಅಕ್ಕನ ಗೌರವ ಹೆಚ್ಚುವುದಿಲ್ಲ, ಆಡಿದವನ ಮಾತು ಸುಳ್ಳಾಗುವುದಷ್ಟೆ" ಎಂದರು. ೧೭೮೬ನೆಯ ಫೆಬ್ರವರಿ ೨ರಂದು ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸರು, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹೊರಟಿರಬೇಕೆಂದೂ ಆ ಮೂಲವು ಪ್ರಾಯಶಃ ಈಗ ಉಳಿದಿಲ್ಲವೆಂದೂ ಹೇಳಿದುದನ್ನು ತಿಳಿಸಿಕೊಟ್ಟರು. ಮರುವಾರ ಅದೇ ಸಭೆಯಲ್ಲಿ ನಿಂತು ನನ್ನ ಮಾತನ್ನು ತಿದ್ದಿಕೊಂಡೆನು. ಆ ದಿನ ಯಾರೂ ಕೈತಟ್ಟಲಿಲ್ಲ.

ಧ್ವನಿಸಾಮ್ಯವೊಂದೇ ನೆಂಟಸ್ತಿಕೆಗೆ ಸಾಕ್ಷಿಯಾಗಲಾರದು. ಆರಿಸಿಕೊಳ್ಳು ಎಂಬರ್ಥದ ಇಂಗ್ಲಿಷಿನ 'ಆಪ್ಟ್' ಎಂಬ ಇನ್ನೊಂದು ಶಬ್ದವು ನಮ್ಮ 'ಒಪ್ಪು' ಎಂಬುದನ್ನು ಹೋಲುವುದು. ಆದರೆ ಅದು ಲ್ಯಾಟಿನಿನಿಂದ ಬಂದುದು, ಒಪ್ಪು ಎಂಬುದು ಅಚ್ಚ ದ್ರಾವಿಡ. ಅವೆರಡಕ್ಕೂ ರಕ್ತಸಂಬಂಧವಿಲ್ಲ.

ಹಾಗಾದರೆ ಕನ್ನಡಕ್ಕೆ ಈ ವಿಚಾರದಲ್ಲಿ ಸ್ವಂತದ್ದೇನೂ ಇಲ್ಲವೆ? ಉಂಟು. 'ಹೊಂದು' ಎಂಬ ನಮ್ಮ ಒಂದೇ ಕ್ರಿಯಾಪದವು ಪದವಿಯನ್ನು ಹೊಂದಿದನೆಂಬಲ್ಲಿ ಪಡೆಯುವುದನ್ನೂ, ಬಾಗಿಲು ಚೌಕಟ್ಟಿಗೆ ಹೊಂದಿತೆಂಬಲ್ಲಿ ಸರಿಯಾಗಿ ಕೂಡುವುದನ್ನೂ ತಿಳಿಸುವುದು. ನಂಟಿಲ್ಲದ ಭಾಷೆಯೊಂದು ತಾನಾಗಿಯೇ ಅದೇ ದಾರಿಯನ್ನು ಹಿಡಿದಿದೆ. ಇದಲ್ಲದೆ, ಮಾಡಬಾರದುದಕ್ಕೆ ನಾವು 'ಕೂಡದು' ಎನ್ನುವೆವು. ಅನುಚಿತವೆಂದರೆ ಕೂಡಿಕೊಳ್ಳದುದು ಎಂಬ ತತ್ತ್ವವನ್ನು ನಮ್ಮ ಮನೆಯ ಹಿರಿಯರು ಮಕ್ಕಳನ್ನು ಗದರಿಸುವಾಗಲೇ ಬೋಧಿಸುತ್ತಿದ್ದಾರೆ.

ಕಡೆಯದಾಗಿ, ಆಪ್ತನೆಂದರೆ ಯಾರು? ಬಳಕೆಯಲ್ಲಿ ಹತ್ತಿರದವನು. ನ್ಯಾಯಶಾಸ್ತ್ರದಲ್ಲಿಯಾದರೋ ಆಪ್ತನ ಉಪದೇಶವೇ ಶಬ್ದಪ್ರಮಾಣ. ವಿಷಯವನ್ನು ಪ್ರತ್ಯಕ್ಷವಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನೇ ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದಿರುವನು. ಮಾತಿನ ಪ್ರಾಮಾಣ್ಯವನ್ನು ಆತನು ಕುಲದಲ್ಲಿ ಹುಡುಕಲಿಲ್ಲ; ಅರಿವಿನಲ್ಲಿಯೂ ಪ್ರಾಮಾಣಿಕತೆಯಲ್ಲಿಯೂ ಕಂಡನು.

ಸಮಯೋಚಿತವಾದ ಮಾತೆಂದರೆ ಸಭೆಗೆ ಹಿತವಾದ ಮಾತೆಂದು ನಾನು ಎಳೆತನದಲ್ಲಿ ನಂಬಿದ್ದೆನು. ಅಂದು ಚಪ್ಪಾಳೆಯನ್ನು ತಂದ ನನ್ನ ಮಾತು ಸಭೆಗೆ ಹೊಂದಿತ್ತು, ಸತ್ಯಕ್ಕೆ ಹೊಂದಿರಲಿಲ್ಲ. ಕೈತಟ್ಟಿದ ನೂರಾರು ಜನರಲ್ಲಿ ನನಗೆ ಆಪ್ತರಾರೆಂಬುದು ಆ ಸಂಜೆ ಗುರುಗಳ ಮನೆಯಲ್ಲಿ ತಿಳಿಯಿತು. ತಿದ್ದುವವರನ್ನು ಆಪ್ತರೆಂದು ಬಗೆಯುವ ಬುದ್ಧಿಯು ನಮ್ಮೆಲ್ಲರಿಗೂ ಉಂಟಾಗಲೆಂದು ಹಾರೈಸುತ್ತೇನೆ.