‘ಡೀಸೆಲ್ ಸರಿ ಇಲ್ಲ ಯಜಮಾನ್ರೇ’: ಲಾರಿ ರಿಪೇರಿ ಬಿಲ್ ಯಾರ ತಲೆಗೆ?

ಇವತ್ತಿನ ಎಪಿಸೋಡ್ ಲಾರಿ ಇಟ್ಕೊಂಡಿರೋರಿಗೆ, ಓಡಿಸೋರಿಗೆ, ಲಾರಿ ದುಡಿಮೆಯ ಮೇಲೆ ನಡೀತಿರೋ ಮನೆಗಳಲ್ಲಿ ಬೆಳೆದೋರಿಗೆ. ಬೇರೆಯವರೂ ಕೇಳಿ. ಮನೇಲಿ ಡೀಸೆಲ್ ಕಾರೋ ಪಿಕಪ್ಪೋ ಇದ್ರೆ ಕಥೆ ಹೆಚ್ಚು ಕಮ್ಮಿ ಇದೇ.

ನಡೆಯೋದು ಹೀಗೆ. ಗಾಡಿ ಎಳೆಯೋದು ಬಿಟ್ಟು ರಸ್ತೆ ಬದಿ ನಿಲ್ಲುತ್ತೆ. ವಾರಂಟಿ ಇನ್ನೂ ಇದೆ ಅನ್ನೋ ಧೈರ್ಯದಲ್ಲಿ ಡೀಲರ್ ವರ್ಕ್‌ಶಾಪ್‌ಗೆ ಸೇರಿಸ್ತೀರಿ. ಸಂಜೆ ಫೋನ್ ಬರುತ್ತೆ: ‘ಡೀಸೆಲ್ ಸರಿ ಇಲ್ಲ ಯಜಮಾನ್ರೇ, ನೀರು ಸೇರಿದೆ. ವಾರಂಟಿಗೆ ಬರಲ್ಲ.’ ಬಂಕ್‌ನವರನ್ನ ಕೇಳಿದ್ರೆ, ‘ಎಲ್ಲರಿಗೂ ಅದೇ ಡೀಸೆಲ್ ಹಾಕಿದೀವಿ, ನಿಮ್ಮದೊಂದೇ ಯಾಕೆ ಕೆಡ್ತು?’ ಇಬ್ಬರೂ ಕೈ ತೊಳ್ಕೊಂಡ್ರು. ಬಿಲ್ ಮಾತ್ರ ಓನರ್ ಕೈಲಿ.

ಆ ಬಿಲ್ ಅಷ್ಟು ದೊಡ್ಡದಾಗೋದು ಯಾಕೆ? ಈಗಿನ ಡೀಸೆಲ್ ಗಾಡಿಗಳಲ್ಲಿರೋದು ಕಾಮನ್ ರೈಲ್ ಸಿಸ್ಟಮ್. ಟ್ಯಾಂಕಿನಿಂದ ಬಂದ ಡೀಸೆಲ್ ಫಿಲ್ಟರ್ ದಾಟಿ ಹೈ-ಪ್ರೆಶರ್ ಪಂಪ್‌ಗೆ ಹೋಗುತ್ತೆ, ಅಲ್ಲಿಂದ ರೈಲ್ ಅನ್ನೋ ಪೈಪಿಗೆ, ಆಮೇಲೆ ಇಂಜೆಕ್ಟರ್‌ಗಳಿಗೆ. ಒತ್ತಡ 1,600 ಬಾರ್, ಕೆಲವದರಲ್ಲಿ 2,000 ಬಾರ್ ದಾಟುತ್ತೆ. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು ಅಂದ್ರೆ ನೀವೇ ಲೆಕ್ಕ ಹಾಕಿ. ಈ ಪಂಪಿಗೆ ಜಿಡ್ಡು ಕೊಡೋದೂ ಡೀಸೆಲ್ಲೇ. ಡೀಸೆಲ್‌ನಲ್ಲಿ ನೀರು ಸೇರಿದ್ರೆ ಜಿಡ್ಡು ಹೋಯ್ತು, ಲೋಹಕ್ಕೆ ಲೋಹ ಉಜ್ಜುತ್ತೆ. ಅದರಿಂದ ಬರೋ ಕಬ್ಬಿಣದ ಪುಡಿ ರೈಲಿಗೆ, ಇಂಜೆಕ್ಟರ್‌ಗೆ ಹೋಗುತ್ತೆ, ರಿಟರ್ನ್ ಪೈಪಲ್ಲಿ ಮತ್ತೆ ಟ್ಯಾಂಕಿಗೂ ಬರುತ್ತೆ. ಹಾಗಾಗಿ ಕೆಟ್ಟಿದ್ದು ಒಂದೇ ಆದ್ರೂ ಬದಲಾಯಿಸೋದು ಎಲ್ಲ.

ಇಲ್ಲೊಂದು ಗಮನಿಸಿ. ಡೀಸೆಲ್ ಕೆಟ್ಟು ಪಂಪ್ ಹಾಳಾದ್ರೂ ಪುಡಿ ಬರುತ್ತೆ, ಪಂಪ್ ತಾನಾಗೇ ಸವೆದು ಹೋದ್ರೂ ಪುಡಿ ಬರುತ್ತೆ. ಪಂಪ್ ತಾನಾಗೇ ಕೆಡೋದೂ ಉಂಟು. 2021ರಲ್ಲಿ ಅಮೆರಿಕದಲ್ಲಿ ರ‍್ಯಾಮ್ ಕಂಪನಿ, ಹೈ-ಪ್ರೆಶರ್ ಪಂಪ್ ಕೆಟ್ಟು ಗಾಡಿ ಓಡ್ತಿರುವಾಗಲೇ ನಿಲ್ಲಬಹುದು ಅಂತ 2 ಲಕ್ಷಕ್ಕೂ ಹೆಚ್ಚು ಡೀಸೆಲ್ ಟ್ರಕ್‌ಗಳನ್ನ ವಾಪಸ್ ಕರೆಸ್ತು. ಅಂದ್ರೆ ಪುಡಿ ಕಂಡ ಮಾತ್ರಕ್ಕೆ ತಪ್ಪು ಡೀಸೆಲ್‌ದೇ ಅಂತಾಗಲ್ಲ.

ನನ್ನ ಸೋದರಮಾವನದ್ದು ಒಂದೇ ಲಾರಿ, ಆರು ಚಕ್ರದ್ದು. ಅವರೇ ಓನರ್, ಅವರೇ ಡ್ರೈವರ್. ಚಿತ್ರದುರ್ಗದಿಂದ ಯಶವಂತಪುರಕ್ಕೆ ಈರುಳ್ಳಿ ತರುವಾಗ ಶಿರಾ ಹತ್ರ ಗಾಡಿ ನಿಂತು ಹೋಯ್ತು. ಲೋಡನ್ನ ಬೇರೆ ಲಾರಿಗೆ ಹಾಕಿ ಕಳಿಸಿದ ಖರ್ಚು ಅವರದ್ದೇ. ವರ್ಕ್‌ಶಾಪ್ ಕೊಟ್ಟ ಎಸ್ಟಿಮೇಟ್ 2,60,000 ರೂಪಾಯಿ. ‘ಲೇ, ನೀನು ಬಿಕಾಂ ಓದಿದೀಯಲ್ಲ, ಇದೇನು ನೋಡು’ ಅಂತ ಮಾವ ಪೇಪರ್ ಕಳಿಸಿದ್ರು.

ನಾನು ಹೋಗಿ ಮೊದಲು ಕೇಳಿದ್ದು, ‘ನೀರಿರೋ ಡೀಸೆಲ್ ತೋರಿಸಿ’ ಅಂತ. ಟ್ಯಾಂಕ್ ಖಾಲಿ ಮಾಡಿ ತೊಳೆದಾಗಿತ್ತು. ಸ್ಯಾಂಪಲ್ ಇಲ್ಲ. ಮೊಬೈಲಲ್ಲಿ ಒಂದು ಬಾಟಲಿ ಫೋಟೋ ಇತ್ತು, ಅದು ಯಾವ ಗಾಡೀದು ಅಂತ ಗೊತ್ತಾಗೋ ಹಾಗಿರಲಿಲ್ಲ.

ಆಮೇಲೆ ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳ್ದೆ. ಗಾಡಿಯ ಕಂಪ್ಯೂಟರ್ ತೊಂದರೆಗಳನ್ನ ಕೋಡ್ ರೂಪದಲ್ಲಿ ಬರೆದಿಟ್ಟುಕೊಳ್ಳುತ್ತೆ. ಮಾವನ ಗಾಡಿ ಫಿಲ್ಟರಲ್ಲಿ ನೀರು ತುಂಬಿದ್ರೆ ಎಚ್ಚರಿಸೋ ಸೆನ್ಸಾರ್ ಇದೆ. ರಿಪೋರ್ಟಲ್ಲಿದ್ದದ್ದು ರೈಲ್ ಪ್ರೆಶರ್ ಕಮ್ಮಿ ಅನ್ನೋ ಕೋಡ್ ಮಾತ್ರ, ನೀರಿನ ಕೋಡ್ ಒಂದೂ ಇಲ್ಲ. ಇನ್ನೊಂದು ವಿಷಯ: ಮೂರು ವಾರದ ಹಿಂದೆ ಇದೇ ವರ್ಕ್‌ಶಾಪಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿದ ಬಿಲ್ ಮಾವನ ಡ್ಯಾಶ್‌ಬೋರ್ಡಿನಲ್ಲೇ ಇತ್ತು.

ಇವೆರಡನ್ನೂ ಲಗತ್ತಿಸಿ ಡೀಲರ್‌ಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಒಂದೇ ಇಮೇಲ್ ಹಾಕಿದ್ವಿ. ಬಿಚ್ಚಿದ ಪಂಪ್, ಇಂಜೆಕ್ಟರ್ ಯಾವುದನ್ನೂ ಬಿಸಾಡಬೇಡಿ ಅಂತಲೂ ಬರೆದ್ವಿ. ಕೊನೆಗೆ ಕಂಪನಿಯವರು ಬಿಡಿಭಾಗಗಳ ಅರ್ಧ ಹಣ, ಅಂದ್ರೆ 1,05,000 ತಾವು ಹಾಕ್ತೀವಿ ಅಂದ್ರು. ಉಳಿದ 1,55,000 ಮಾವ ಕಟ್ಟಿದ್ರು.

‘ಕೇಸ್ ಹಾಕೋಣ ಮಾವ’ ಅಂದೆ. ಅವರು ಒಪ್ಪಲಿಲ್ಲ. ಗಾಡಿ ನಿಂತು 17 ದಿನ ಆಗಿತ್ತು. ತಿಂಗಳಿಗೆ 34,000 ಇಎಂಐ, ಗಾಡಿ ನಿಂತಿದ್ರೂ ದಿನಕ್ಕೆ 1,130ರ ಮೇಲೆ ಬೀಳ್ತಾನೇ ಇರುತ್ತೆ. ‘ಇನ್ನೊಂದು ತಿಂಗಳು ನಿಂತ್ರೆ ಗೆದ್ದರೂ ಸೋತ ಹಾಗೇ ಕಣೋ’ ಅಂದ್ರು. ನನಗೆ ಅರ್ಥ ಆಗಿದ್ದು ಇದು: ಇಂಥ ಜಗಳದಲ್ಲಿ ಕಾಲ ಯಾವಾಗಲೂ ವರ್ಕ್‌ಶಾಪ್ ಕಡೆಗೇ ಇರುತ್ತೆ. ಅವರು ಕಾಯಬಹುದು, ಓನರ್ ಕಾಯೋಕಾಗಲ್ಲ. ಅದಕ್ಕೇ ಟ್ಯಾಂಕ್ ಬಿಚ್ಚೋ ಮೊದಲಿನ ಒಂದು ಗಂಟೆ ಅಷ್ಟು ಮುಖ್ಯ.

ಆ ಒಂದು ಗಂಟೇಲಿ ಏನು ಮಾಡ್ಬೇಕು? ಒಂದು, ಜಾಬ್ ಕಾರ್ಡಲ್ಲಿ ತೊಂದರೆ, ಕಿಲೋಮೀಟರ್, ಟ್ಯಾಂಕಲ್ಲಿರೋ ಡೀಸೆಲ್ ಎಷ್ಟು ಅಂತ ಬರೆಸಿ. ಎರಡು, ನಿಮ್ಮೆದುರೇ ಟ್ಯಾಂಕ್ ಮತ್ತು ಫಿಲ್ಟರಿಂದ ಡೀಸೆಲ್ ತೆಗೆಸಿ, ಎರಡು ಬಾಟಲಿಗೆ ಸೀಲ್ ಮಾಡಿ, ಇಬ್ಬರೂ ಸಹಿ ಹಾಕಿ. ಒಂದು ಅವರ ಹತ್ರ, ಒಂದು ನಿಮ್ಮ ಹತ್ರ. ನಂಬರ್ ಪ್ಲೇಟ್ ಕಾಣೋ ಹಾಗೆ ವಿಡಿಯೋ ಮಾಡಿ. ಮೂರು, ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ತಗೊಳ್ಳಿ. ನಾಲ್ಕು, ಹಳೇ ಪಾರ್ಟ್‌ಗಳನ್ನ ಇಟ್ಟಿರಲು ಲಿಖಿತವಾಗಿ ಹೇಳಿ. ಬಂಕ್ ಬಿಲ್ ಅಂತೂ ಎಸೀಲೇಬೇಡಿ.

ಕಾನೂನಿಗೆ ಬರೋಣ. ರಿಪೇರಿ ಮಾಡಿದವರಿಗೆ ನ್ಯಾಯವಾಗಿ ಬರಬೇಕಾದ ಕೂಲಿ ಬರೋವರೆಗೂ ಗಾಡಿ ಹಿಡಿದಿಟ್ಟುಕೊಳ್ಳೋ ಹಕ್ಕನ್ನ 1872ರ ಒಪ್ಪಂದ ಕಾಯ್ದೆಯ 170ನೇ ಕಲಂ ಕೊಡುತ್ತೆ. ಹಾಗಾಗಿ ಕೂಗಾಡಿ ಪ್ರಯೋಜನ ಇಲ್ಲ. ಹಣ ಕಟ್ಟಲೇಬೇಕಾಗಿ ಬಂದ್ರೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಅಂತ ಬರೆದುಕೊಟ್ಟು ಕಟ್ಟಿ. ಬಿಲ್ ಒಪ್ಪಿಕೊಂಡೇ ಕಟ್ಟಿದ್ರಿ ಅಂತ ಆಮೇಲೆ ಹೇಳೋಕೆ ಅವರಿಗೆ ಕಷ್ಟ ಆಗುತ್ತೆ.

ಆಮೇಲೆ ಗ್ರಾಹಕ ಆಯೋಗ ಇದೆ. ‘ಲಾರಿ ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ’ ಅಂತ ಹೆದರಿಸ್ತಾರೆ. ಆದ್ರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಮಾತ್ರ ಕೊಂಡು ಬಳಸೋ ವಸ್ತು ‘ವಾಣಿಜ್ಯ ಉದ್ದೇಶ’ದಲ್ಲಿ ಸೇರಲ್ಲ. ಇದೊಂದೇ ಲಾರಿ, ಇದೇ ನನ್ನ ಜೀವನ ಅಂತ ದೂರಿನಲ್ಲೇ ಸ್ಪಷ್ಟವಾಗಿ ಬರೀರಿ. ಹತ್ತು ಲಾರಿ ಇರೋರಿಗೆ ಈ ದಾರಿ ಕಷ್ಟ. ಕೊಟ್ಟ ಹಣ 50 ಲಕ್ಷದ ಒಳಗಿದ್ರೆ ಜಿಲ್ಲಾ ಆಯೋಗ ಸಾಕು, ನೀವಿರೋ ಜಿಲ್ಲೆಯಲ್ಲೇ ಹಾಕಬಹುದು. ತಕರಾರು ಹುಟ್ಟಿ ಎರಡು ವರ್ಷದೊಳಗೆ ಹಾಕ್ಬೇಕು. ಅಗತ್ಯ ಇದ್ರೆ ಆಯೋಗವೇ ಸ್ಯಾಂಪಲ್‌ನ ಲ್ಯಾಬ್‌ಗೆ ಕಳಿಸುತ್ತೆ. ಆದ್ರೆ ಕಳಿಸೋಕೆ ಸ್ಯಾಂಪಲ್ ಇರಬೇಕಲ್ಲ? ಮೊದಲು ಯಾರ ಹತ್ರ ಹೋಗ್ಬೇಕು ಅಂತ ಗೊತ್ತಾಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಲ್ ಮಾಡಿ.

ಎಲ್ಲ ಡೀಲರ್‌ಗಳೂ ಮೋಸಗಾರರು ಅಂತ ನಾನು ಹೇಳ್ತಿಲ್ಲ. ಡೀಸೆಲ್‌ನಲ್ಲಿ ನಿಜವಾಗಿಯೂ ನೀರು ಸೇರುತ್ತೆ. ಯೂರಿಯಾ ದ್ರಾವಣವನ್ನ ಗೊತ್ತಿಲ್ಲದೆ ಡೀಸೆಲ್ ಟ್ಯಾಂಕಿಗೆ ಸುರಿದು ಸಿಸ್ಟಮ್ಮೇ ಹಾಳು ಮಾಡಿಕೊಂಡೋರೂ ಇದ್ದಾರೆ. ಆದ್ರೆ ‘ಡೀಸೆಲ್ ಸರಿ ಇಲ್ಲ’ ಅಂದವರು ಅದನ್ನ ತೋರಿಸಬೇಕು. ಲಕ್ಷಗಟ್ಟಲೆ ಬಿಲ್ ಬರೆಯೋರ ಹತ್ರ ಒಂದು ಬಾಟಲಿ ಸ್ಯಾಂಪಲ್ ಕೇಳೋದು ಅತಿ ಅಲ್ಲ.

ನಿಮ್ಮ ಮನೇಲೋ ಊರಲ್ಲೋ ಹೀಗೆ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಡ್ರೈವರ್ ಅಣ್ಣಂದಿರಿಗೆ ಈ ಎಪಿಸೋಡ್ ಫಾರ್ವರ್ಡ್ ಮಾಡಿ, ರಾತ್ರಿ ಓಡಿಸುವಾಗ ಕೇಳಿಕೊಳ್ಳಲಿ. ಮುಂದಿನ ವಾರ ಸಿಗೋಣ.